ಸರ್ವಮಂಗಳಾಳ ಕೋಟೆ, ನನ್ನ ಮಜ್ಜಿಗೆ

ನಮ್ಮ ಬನಶಂಕರಿ ಎರಡನೇ ಹಂತದ ವಠಾರದಲ್ಲಿ ಸರ್ವಮಂಗಳಾ ಅಂದರೆ ಬಾಯಿಲ್ಲದವಳು. ಆಫೀಸಿನಲ್ಲಿ ಸಾಹೇಬರು ಹೇಳಿದ್ದನ್ನು ಟೈಪ್ ಹೊಡೆಯುವುದು, ಮನೆಗೆ ಬಂದರೆ ಅತ್ತಿಗೆ ಹೇಳಿದ್ದನ್ನು ರುಬ್ಬುವುದು. ಅಂಥವಳಿಗೆ ಎಂಬತ್ತೈದನೇ ಇಸವಿಯಲ್ಲಿ, ಹಡಗಿನ ಕೆಲಸದಲ್ಲಿದ್ದ ಅಣ್ಣ ಒಂದು ಆಟದ ಡಬ್ಬಿ ತಂದುಕೊಟ್ಟ. ಒಳಗೆ ಇಂಗ್ಲಿಷ್ ಪುಸ್ತಕ, ಕಲ್ಲುಸಕ್ಕರೆ ಹಾಗೆ ಮೂಲೆಮೂಲೆಯ ದಾಳಗಳು. ಅವಳೇ ಓದಿ ಹೇಳಿದಳು: ಒಬ್ಬರು ಕಥೆ ನಡೆಸಬೇಕು, ಮಿಕ್ಕವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ, ತಾವೇನು ಮಾಡ್ತೀವಿ ಅಂತ ಹೇಳಬೇಕು.

ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಆಟ. ಸರ್ವಮಂಗಳಾ ಮುಂದೆ ಮೊರ ನಿಲ್ಲಿಸಿಕೊಂಡು ಅದರ ಹಿಂದೆ ದಾಳ ಉರುಳಿಸೋಳು. ಏನು ಬಿತ್ತೋ ನಮಗೆ ಕಾಣದು. ಅವಳು ಹೇಳಿದ್ದೇ ಬಿದ್ದದ್ದು. ಮೊರದ ಹಿಂದೆ ಅವಳ ದನಿಯೇ ಬೇರೆ. ಆಡುವವರು ಬಸ್ ಕಂಡಕ್ಟರ್ ಬೈರಣ್ಣ, ಟೈಲರ್ ಗುಂಡಣ್ಣ, ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನಾನು. ಬೈರಣ್ಣ ಸೇನಾಪತಿಯಾದ, ಗುಂಡಣ್ಣ ಮಂತ್ರವಾದಿ. ಏನು ಬೇಕಾದರೂ ಆಗಬಹುದು ಅಂದಾಗ ನಾನು ಮಜ್ಜಿಗೆ ಮಾರುವವಳಾದೆ. ರಾಣಿಯಾಗೋದು ಯಾಕೋ ಹೊಳೆಯಲೇ ಇಲ್ಲ.

ಬೈರಣ್ಣ ಬೇಗ ಬಿಟ್ಟ. ಅವನ ಸೇನಾಪತಿ ಕಾಡಿಗೆ ಹೊರಟರೆ ಮಳೆ, ಊರಿಗೆ ಹೊರಟರೆ ಸೇತುವೆ ಮುರಿದಿರೋದು. "ಮಂಗಳಮ್ಮ, ನೀವು ಹೇಳಿದ ಸ್ಟಾಪಲ್ಲೇ ಇಳಿಯೋಕೆ ನಾನ್ಯಾಕೆ ಟಿಕೆಟ್ ತಗೋಬೇಕು?" ಅಂತ ಎದ್ದು ಹೋದ. ಇನ್ನೊಬ್ಬರು ಎದ್ದರೆ ಡಬ್ಬಿ ಅಟ್ಟಕ್ಕೆ, ಸರ್ವಮಂಗಳಾ ಮತ್ತೆ ಒರಳಿಗೆ. ಅದು ಅವಳಿಗೂ ಗೊತ್ತಿತ್ತು.

ಮುಂದಿನ ಭಾನುವಾರ ಅವಳ ಕಥೆಯಲ್ಲಿ ಕೋಟೆ ಬಂತು, ಒಳಗೆ ರಾಕ್ಷಸ. "ಬಾಗಿಲು ತೆರೆದಿದೆ. ಏನು ಮಾಡ್ತೀರಿ?"

"ಇಲ್ಲೇ ಕೂತ್ಕೋತೀನಿ" ಅಂದೆ.

"ಕೂತ್ಕೊಂಡು?"

"ಮಜ್ಜಿಗೆ ಇಟ್ಕೊಂಡು ಕಾಯ್ತೀನಿ. ಬಾಯಾರಿದ್ರೆ ಅವನೇ ಬರ್ತಾನೆ."

"ಅಕ್ಕಾ, ವಾರವೆಲ್ಲ ಯೋಚನೆ ಮಾಡಿ ಕೋಟೆ ಕಟ್ಟಿದ್ದೀನಿ. ಒಳಗೆ ಹೋಗಲೇಬೇಕು!"

ನನಗೋ ಸೀಮೆಎಣ್ಣೆ ಕ್ಯೂ, ಆಸ್ಪತ್ರೆ ಬೆಂಚು, ಯಜಮಾನರ ಊಟದ ತಟ್ಟೆಯ ಪಕ್ಕ, ಎಲ್ಲ ಕಡೆ ಕಾಯುವುದೊಂದೇ ಅಭ್ಯಾಸ. ರಾಜ್ಯ ಕೊಟ್ಟು ನಿನ್ನಿಷ್ಟ ಅಂದರೂ ಅಲ್ಲೂ ಹೋಗಿ ಕ್ಯೂ ನಿಂತೆನಲ್ಲ!

ಗುಂಡಣ್ಣ ಚಪ್ಪಲಿಗೆ ಕಾಲು ಚಾಚಿದ. "ಹೋಗಲೇಬೇಕು ಅಂದ್ರೆ ನೀವೇ ಹೋಗಿ ಬನ್ನಿ ಮೇಡಂ. ನಂಗೆ ಬ್ಲೌಸ್ ಹೊಲಿಯೋದಿದೆ."

ಸರ್ವಮಂಗಳಾ ಆ ಚಪ್ಪಲಿಯನ್ನೇ ನೋಡಿದಳು. ಆಮೇಲೆ ಮೊರ ತೆಗೆದು ಗೋಡೆಗೆ ಒರಗಿಸಿ, ದಾಳ ನನ್ನ ಅಂಗೈಗೆ ಹಾಕಿದಳು.

"ಕೂತ್ಕೊಳ್ಳೋದು ನಿಮ್ಮಿಷ್ಟ. ರಾಕ್ಷಸ ಮಾತ್ರ ನನ್ನೋನು. ಹೆಚ್ಚು ಬಿದ್ರೆ ಮಜ್ಜಿಗೆ ಕುಡಿದು ನಿಮ್ಮ ಮಾತು ಕೇಳ್ತಾನೆ."

"ಕಡಿಮೆ ಬಿದ್ರೆ?"

"ಹಾಕಿ, ನೋಡೋಣ."

ಹಾಕಿದೆ. ಎರಡು. ನನ್ನ ಕೈಗುಣಕ್ಕೆ ಒಂದು ಬೀಳದಿದ್ದದ್ದೇ ಪುಣ್ಯ.

"ಬಂದ," ಅಂದಳು. "ಮಡಕೆ ಪೂರ್ತಿ ಕುಡಿದ. ಹುಳಿ ಅಂತ ಮುಖ ಸಿಂಡರಿಸಿದ. ನಿಮ್ಮನ್ನ ಹೆಗಲ ಮೇಲೆ ಹಾಕ್ಕೊಂಡು ಒಳಗೆ ಹೊರಟ."

ಹಾಗಾಗಿ ಅವಳ ಕೋಟೆಯನ್ನು ನಾನು ತಲೆಕೆಳಗಾಗಿ ನೋಡಿದೆ.

"ಈಗೇನು ಮಾಡ್ತೀರಿ?"

"ಕಿರುಚ್ತೀನಿ!" ಅಂದವಳು, ನಿಜವಾಗಿಯೂ ಕಿರುಚಿಬಿಟ್ಟೆ. ಅತ್ತಿಗೆ ಸೌಟು ಹಿಡಿದು ಓಡಿ ಬಂದರು. ಏನೂ ಆಗಿಲ್ಲ ಅಂತ ಗೊತ್ತಾಗಿ, ಗೋಡೆಯ ಕಡೆ ನೋಡಿ, "ಮೊರ ಇನ್ನೂ ಬೇಕೇನೇ?" ಅಂದರು.

"ಬೇಡ ಅತ್ತಿಗೆ, ಅಕ್ಕಿ ಕೇರ್ಕೊಳ್ಳಿ" ಅಂದಳು ಸರ್ವಮಂಗಳಾ.

ಗುಂಡಣ್ಣ ಆಗಲೇ ಚಪ್ಪಲಿ ಬಿಟ್ಟು ಜಗಲಿ ಹತ್ತಿದ್ದ. "ಅಕ್ಕನ ಹಿಂದೆ ಓಡ್ತಾ ಇದೀನಿ ಮೇಡಂ, ದಾಳ ಕೊಡಿ ಇತ್ಲಾಗೆ!"