ಗೆರೆ ದಾಟಿದ ಬಲಗಾಲು

ಹದಿನೇಳು ವರ್ಷ ಮುಂಬಯಿಯ ಫುಟ್‌ಬಾಲಿನಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಎದುರಿನವನಿಗೆ ಗೋಲು ಹೊಡೆಯಲು ಬಿಡದಿರುವುದು. ಪರೇಲಿನ ಕಂಪನಿ ಟೀಮು, ದಾದರಿನ ಕ್ಲಬ್ಬು, ವಡಾಲದ ಕಾಲೊನಿಯವರ ಟೀಮು, ಹೀಗೆ ಒಂಬತ್ತು ಜರ್ಸಿ ಬದಲಿಸಿದೆ. ನಾನು ಹೊಡೆದ ಗೋಲು ಮೂರು. ಅದರಲ್ಲೊಂದು ನಮ್ಮದೇ ಗೋಲಿಗೆ. ಪತ್ರಿಕೆಯಲ್ಲಿ ಒಮ್ಮೆ ಫೋಟೊ ಬಂದಿತ್ತು, ಬೆನ್ನು ಮಾತ್ರ.

ಮೊಣಕಾಲು ಕೈಕೊಟ್ಟಾಗ ಕೊನೆಯ ಕ್ಲಬ್ಬಿನವರೇ ಕೋಚ್ ಆಗು ಎಂದರು. ಒಂದು ಸೀಸನ್ ನೋಡುತ್ತೇವೆ, ಟೀಮು ಕೆಳಗಿನ ಡಿವಿಷನ್ನಿಗೆ ಇಳಿದರೆ ನಿನಗೂ ರಜೆ ಎಂದರು. ಇತ್ತ ಮಾಟುಂಗದಲ್ಲಿ ಹೋಟೆಲು ನಡೆಸುವ ನನ್ನಣ್ಣ, "ಬಾ ಮಾರಾಯ, ಕೌಂಟರಿನಲ್ಲಿ ಕೂತ್ಕೊ. ಅಲ್ಲಿ ಯಾರೂ ನಿನ್ನ ಕಾಲಿಗೆ ಒದೆಯುವುದಿಲ್ಲ" ಎಂದು ಕಾಯುತ್ತಿದ್ದ. ನನಗೆ ಕೌಂಟರ್ ಬೇಡವಾಗಿತ್ತು. ಮೈದಾನ ಬಿಟ್ಟು ಬದುಕುವುದು ಹೇಗೆಂದೇ ಗೊತ್ತಿರಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯ. ಸಮ ಮಾಡಿಕೊಂಡರೆ ಸಾಕು, ಉಳಿಯುತ್ತೇವೆ. ನಾನೋ ಗೆರೆಯ ಪಕ್ಕ ನಿಂತು ಒಂದೇ ಸಮನೆ ಅರಚುತ್ತಿದ್ದೆ. "ಪೀಛೆ ಆ, ಹಿಂದೆ ಬಾ! ಲೆಫ್ಟ್, ಲೆಫ್ಟ್! ಅರೇ, ಅವನನ್ನ ಹಿಡಿಯೋ!" ಇಡೀ ಸೀಸನ್ ಹಾಗೇ ಅರಚಿದ್ದೆ. ಇನ್ನು ಹತ್ತು ನಿಮಿಷ, ಸೊನ್ನೆ-ಸೊನ್ನೆ. ಅವರ ವಿಂಗರ್ ನಮ್ಮ ಹುಡುಗನನ್ನು ದಾಟಿ ಗೆರೆಗುಂಟ ನನ್ನತ್ತಲೇ ಓಡಿ ಬಂದ. ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಬಲಗಾಲು ಹೊಣೆ. ಅದು ತಾನಾಗಿ ಗೆರೆ ದಾಟಿ ಒಳಗೆ ಹೋಯಿತು, ಚೆಂಡನ್ನು ನೀಟಾಗಿ ಕಸಿದು ದೂರಕ್ಕೆ ಅಟ್ಟಿತು. ನನ್ನ ಜನ್ಮದಲ್ಲೇ ಅಷ್ಟು ಚೆಂದದ ಟ್ಯಾಕಲ್ ಮಾಡಿರಲಿಲ್ಲ! ರೆಫರಿ ಒಂದು ಗಳಿಗೆ ಬಾಯಿ ತೆರೆದು ನಿಂತರು, ಆಮೇಲೆ ಕೆಂಪು ಕಾರ್ಡ್ ಎತ್ತಿದರು. ಅವರಿಗೆ ಫ್ರೀ ಕಿಕ್, ನನಗೆ ಗೇಟಿನ ದಾರಿ.

ಪಂದ್ಯ ನೋಡಲು ಬಂದಿದ್ದ ಅಣ್ಣ ಹಣೆ ಚಚ್ಚಿಕೊಳ್ಳುತ್ತ ಹಿಂದೆಯೇ ಹೊರಬಂದ. "ಎಂಥ ಮಾರಾಯ ನೀನು ಮಾಡಿದ್ದು? ಕೋಚೋ ಗೂಳಿಯೋ?" ನನಗೆ ಉಳಿದ ಆಟ ನೋಡುವ ಧೈರ್ಯವಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕುಕ್ಕರಿಸಿದೆ. ಫುಟ್‌ಬಾಲ್ ಎಂದರೆ ಮೂಗು ಮುರಿಯುವ ಅಣ್ಣ, ಯಾರದೋ ಸ್ಕೂಟರಿನ ಮೇಲೆ ಹತ್ತಿ ನಿಂತು ಗೋಡೆಯಾಚೆಯ ವರದಿ ಒಪ್ಪಿಸತೊಡಗಿದ. "ಹೊಡೆದ! ತಲೆ ಕೊಟ್ಟ, ನಮ್ಮವ ತಲೆ ಕೊಟ್ಟ! ಅಯ್ಯೋ, ಪುನಃ ಬಂತು... ಹಿಡಿದ, ನಮ್ಮ ಗೋಲ್‌ಕೀಪರ್ ಹಿಡಿದ!" ಕೊನೆಯ ಸೀಟಿ ಊದಿದಾಗಲೂ ಸೊನ್ನೆ-ಸೊನ್ನೆಯೇ. ಅಣ್ಣ ಕೆಳಗೆ ಹಾರಿ ನನ್ನನ್ನು ತಬ್ಬಿಕೊಂಡ.

ಹುಡುಗರು ನಗುತ್ತ ಹೊರಬಂದರು. ಗೋಲ್‌ಕೀಪರನನ್ನು ಹಿಡಿದು ನಿಲ್ಲಿಸಿದೆ. ವಿಜಾಪುರದ ಕಡೆಯಿಂದ ಬಂದ ಗಾರೆ ಕೆಲಸದವರ ಮಗ, ಮಾತು ಕಡಿಮೆ.

"ಹೇಗೆ ಮಾರಾಯ ತಡೆದದ್ದು? ಇಡೀ ಸೀಸನ್ ಇಷ್ಟು ಚೆನ್ನಾಗಿ ಆಡಿದ್ದೇ ಇಲ್ಲವಲ್ಲ ನೀವು!"

ಅವನು ನೆಲ ನೋಡಿದ.

"ಸಿಟ್ಟಾಗಬ್ಯಾಡ್ರಿ ಸರ್. ನೀವು ಹೊರಗ ಹೋದ ಮ್ಯಾಲ ನಮ್ಗ ಒಬ್ರದೊಬ್ರ ಆವಾಜ್ ಕೇಳಾಕ ಹತ್ತಿತು."

ನನ್ನ ಕೆಲಸ ಉಳಿದದ್ದು ನಾನಿಲ್ಲದ ಆ ಹತ್ತು ನಿಮಿಷದಲ್ಲಿ. ಸೋತ ಪ್ರತಿ ಪಂದ್ಯದ ನಂತರವೂ ನಾನು ಬೈದದ್ದು ಮಾತ್ರ ಆ ಹುಡುಗರನ್ನು.