ಬರಿಗಾಲಿನ ಟೀಚರಮ್ಮ

ಮಹಡಿಯ ಮೇಲೆ ಹಳೆಯ ಪಂಚೆ ಹಾಸಿಕೊಂಡು ಸಂಡಿಗೆ ಇಡುತ್ತಿದ್ದೆ. ಕೈಯೆಲ್ಲ ಹಿಟ್ಟಾಗಿದ್ದಾಗ ಫೋನು ಬಂತು. ಕಿರುಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಟೀಚರಮ್ಮನ ತಂಗಿಯ ಮಗಳು; ಕೆಲವು ದಿನಗಳಿಂದ ಅವರು ಇವಳ ಮನೆಯಲ್ಲಿದ್ದರು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟರಂತೆ, ಸಂಜೆ ಮಣ್ಣು.

ಮೊದಲು ನೆನಪಾಗಿದ್ದು ಅವರ ಮುಖವಲ್ಲ, ಪಾದ. ಅಗಲವಾದ, ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡ ಪಾದ. ಹಿಮ್ಮಡಿಯ ಬಿರುಕುಗಳಲ್ಲಿ ಅರಿಶಿನದೆಣ್ಣೆ ಇಳಿದು ಹಳದಿ ಗೆರೆಗಳಾಗಿರುತ್ತಿದ್ದವು. ಈಸ್ಟರ್, ಅಂದರೆ ಪಾಸ್ಕ ಹಬ್ಬಕ್ಕೆ ಮುಂಚಿನ ನಮ್ಮ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಹಬ್ಬದ ದಿನದವರೆಗೆ ಅವರು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಚರ್ಚನ್ನು ನಾವು ಗುಡಿ ಅನ್ನುತ್ತೇವೆ; ಗುಡಿಗೂ ಬರಿಗಾಲು, ಮಾರ್ಕೆಟ್ಟಿಗೂ ಬರಿಗಾಲು. ಚಾಮರಾಜಪೇಟೆಯ ಮಾರ್ಚಿ ತಿಂಗಳ ಬಿಸಿಲಿನಲ್ಲಿ ನಾನು ಮರದ ನೆರಳು ಹುಡುಕುತ್ತ ನಡೆದರೆ ಅವರು ರಸ್ತೆಯ ನಡುವೆ ನೇರ ಹೋಗುತ್ತಿದ್ದರು.

ಮದುವೆಯಾಗಿ ಈ ವಠಾರಕ್ಕೆ ಬಂದಾಗ ಅವರು ಎರಡು ಮನೆಯಾಚೆ ಒಬ್ಬರೇ ಇದ್ದರು. ಸ್ಕೂಲಿನಿಂದ ನಿವೃತ್ತರಾಗಿದ್ದರೂ ಭಾನುವಾರ ಗುಡಿಯಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ. ಬೂದಿ ಬುಧವಾರದ ಹಿಂದಿನ ಸಂಜೆ ಮಕ್ಕಳೆಲ್ಲ ಅವರ ಜಗಲಿಯ ಮೇಲೆ ಸೇರಿ, ಈ ಸಲ ಏನು ಬಿಡುತ್ತೇವೆಂದು ಹೇಳಬೇಕಿತ್ತು. ಒಬ್ಬಳು ಚಾಕೊಲೇಟು, ಇನ್ನೊಬ್ಬಳು ಟೀವಿ. ಎಲ್ಲರಿಗೂ ಅವರದು ಒಂದೇ ಪ್ರಶ್ನೆ: "ಬಿಟ್ಟಿದ್ದು ಯಾರಿಗೆ ಹೋಗತ್ತೆ?" ಮನೆಯ ಡಬ್ಬಿಯಲ್ಲೇ ಉಳಿಯುವ ಚಾಕೊಲೇಟು ತಪಸ್ಸಲ್ಲ, ಉಳಿತಾಯ ಎನ್ನುತ್ತಿದ್ದರು.

ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ, ಹಾಗಲಕಾಯಿ ಬಿಡುತ್ತೇನೆ ಎಂದು ಘನವಾಗಿ ಹೇಳಿದಳು. ಟೀಚರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ಅದನ್ನ ನೀನು ವರ್ಷವೆಲ್ಲ ಬಿಟ್ಟಿದೀಯ ಕಣೇ. ತಿನ್ನು ನೋಡೋಣ, ಅದು ತಪಸ್ಸು."

ಶುಕ್ರವಾರಕ್ಕೊಮ್ಮೆ ಮೂಗು ಹಿಡಿದುಕೊಂಡು ತಿಂದಳು ಪಾಪ.

ಹಾಗೆಂದು ಅವರು ಬಿಗಿ ಮುಖದ ಮನುಷ್ಯರಲ್ಲ. ಯುಗಾದಿ ಹೆಚ್ಚಾಗಿ ನಮ್ಮ ತಪಸ್ಸುಕಾಲದ ನಡುವೆಯೇ ಬರುತ್ತದೆ. ಒಂದು ವರ್ಷ ಎದುರುಮನೆಯ ಅಜ್ಜಿ ಬಿಸಿ ಒಬ್ಬಟ್ಟು ತುಪ್ಪ ತಂದು ಟೀಚರಮ್ಮನ ಮುಂದಿಟ್ಟರು. ಆ ವರ್ಷ ಅವರು ಸಿಹಿ ಬಿಟ್ಟಿದ್ದರು, ನನಗೆ ಗೊತ್ತಿತ್ತು. ಏನು ಹೇಳಿ ವಾಪಸು ಕಳಿಸುತ್ತಾರೋ ಎಂದು ನೋಡುತ್ತಿದ್ದೆ. ಅವರು ಅಜ್ಜಿಯ ಎದುರಿಗೇ ಕೂತು ಎರಡು ತಿಂದು, ಹೂರಣ ಹದವಾಗಿದೆ ಅಂದರು. ಅಜ್ಜಿ ಹೋದ ಮೇಲೆ ನನ್ನ ಮುಖ ನೋಡಿ, "ಸಿಹಿ ಬಿಟ್ಟಿದ್ದು ನಾನು, ಅವರಲ್ಲ. ನನ್ನ ತಪಸ್ಸಿಗೆ ಅವರ ಹಬ್ಬ ಯಾಕೆ ಸಪ್ಪೆ ಆಗ್ಬೇಕು?" ಎಂದರು. ಅದಕ್ಕೆ ಬದಲಾಗಿ ಆ ಸಂಜೆ ಅವರು ಕಾಫಿ ಕುಡಿಯಲಿಲ್ಲ.

ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ಅನ್ನ ಕಡಿಮೆ ಮಾಡಿದರು, ಬರಿಗಾಲು ಮಾತ್ರ ಹಾಗೇ ಇತ್ತು. ಒಂದು ತಪಸ್ಸುಕಾಲದಲ್ಲಿ ನಮ್ಮ ಮನೆಗೆ ಬಂದು ಎದ್ದುಹೋದ ಮೇಲೆ ನೋಡಿದರೆ ನೆಲದ ಮೇಲೆ ಒದ್ದೆ ಗುರುತು, ಕೆಟ್ಟ ವಾಸನೆ. ಹಿಂದೆಯೇ ಓಡಿಹೋಗಿ ಕಾಲು ತೋರಿಸಿ ಎಂದೆ. ಸೆರಗಿನಿಂದ ಮುಚ್ಚಿದರು. ನಾನೂ ಬಿಡಲಿಲ್ಲ. ಹೆಬ್ಬೆರಳಿನ ಕೆಳಗೆ ಗಾಜು ಚುಚ್ಚಿದ ಗಾಯ, ಸುತ್ತ ಕಪ್ಪಾಗಿತ್ತು. ನೋವೇ ಗೊತ್ತಾಗಿರಲಿಲ್ಲವಂತೆ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇನ್ನು ಬರಿಗಾಲಲ್ಲಿ ನಡೆದರೆ ಮೊದಲು ಬೆರಳು, ಆಮೇಲೆ ಪಾದ ತೆಗೆಯಬೇಕಾಗುತ್ತದೆ ಎಂದರು. ಟೀಚರಮ್ಮ ಶಾಂತವಾಗಿ, ಪಾಸ್ಕ ಒಂದು ಆಗಿಹೋಗಲಿ ಎಂದರು. ಗುಡಿಯ ಫಾದರೂ ಬಂದು ಹೇಳಿದರು. ಅವರು ಹೋದ ಮೇಲೆ ಟೀಚರಮ್ಮ, ಫಾದರಿಗಿನ್ನೂ ಚಿಕ್ಕ ವಯಸ್ಸು ಎಂದರು. ಮೆತ್ತನೆಯ ಕಪ್ಪು ಚಪ್ಪಲಿ ತಂದುಕೊಟ್ಟೆ. ಮಂಚದ ಕೆಳಗೆ ತಳ್ಳಿದರು.

"ದೇವರಿಗೆ ಕೊಟ್ಟಿದ್ದನ್ನ ವಾಪಸ್ ಇಸ್ಕೊಳೋದಾ?"

ನಾನು ಗಾಯಕ್ಕೆ ಪಟ್ಟಿ ಕಟ್ಟುತ್ತ ಕೂತಿದ್ದೆ. ಆಗ ಹೈಸ್ಕೂಲಿನಲ್ಲಿದ್ದ ಮಗಳು ಹತ್ತಿಯ ಸುರುಳಿ ಹಿಡಿದು ನಿಂತಿದ್ದವಳು ಹೇಳಿದಳು:

"ಟೀಚರ್, ಬರಿಗಾಲು ನಿಮಗೆ ಅಭ್ಯಾಸ ಆಗ್ಬಿಟ್ಟಿದೆ. ಈಗ ಚಪ್ಪಲಿನೇ ನಿಮ್ಮ ಹಾಗಲಕಾಯಿ."

ಸುಮ್ಮನಿರೇ ಎಂದು ಗದರಿದೆ. ಟೀಚರಮ್ಮ ಗದರಲಿಲ್ಲ. ಮಂಚದ ಕೆಳಗಿನ ಚಪ್ಪಲಿಯನ್ನು ಇನ್ನೊಂದು ಕಾಲಿನಿಂದ ಈಚೆಗೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ನನಗೆ ಮಾತ್ರ ಎಂಬಂತೆ, "ನಾನು ನಡೆದು ಹೋಗೋವಾಗ ಜನ ಕಾಲು ನೋಡಿ ಕೈ ಮುಗೀತಾರೆ ಕಣೇ. ಅದರ ರುಚಿ ಹತ್ತಿಬಿಟ್ಟಿದೆ," ಎಂದರು.

ಆ ಶುಕ್ರವಾರ ಗುಡಿಯ ಅಂಗಳದಲ್ಲಿ ಶಿಲುಬೆಹಾದಿಯ ಪ್ರಾರ್ಥನೆ. ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಒಂದೊಂದು ಸ್ಥಳದಲ್ಲೂ ನಿಂತು ಹಾಡುತ್ತ ಮುಂದೆ ಹೋಗುವುದು. ಟೀಚರಮ್ಮ ಕಪ್ಪು ಚಪ್ಪಲಿ ಮೆಟ್ಟಿಕೊಂಡು ಬಂದರು. ನನ್ನ ಮುಂಗೈ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತಾಗಿತ್ತು. ಪಟ್ಟಿ ಕಾಣದ ಹಾಗೆ ಸೀರೆಯನ್ನು ಇಳಿಬಿಟ್ಟು ಉಟ್ಟಿದ್ದರು. ಜನ ಮುಖ ನೋಡಿ ಪಾದ ನೋಡಿದರು. ಮುಂದಿನ ಸಾಲಿನ ಒಬ್ಬ ಹೆಂಗಸು ಹಿಂದೆ ತಿರುಗಿ, "ಏನ್ ಟೀಚರಮ್ಮ, ಈ ಸಲ ತಪಸ್ಸಿಗೆ ರಜಾನಾ?" ಎಂದು ಕೇಳಿಯೇಬಿಟ್ಟರು.

"ಇಲ್ಲಮ್ಮ. ಈ ಸಲ ಸ್ವಲ್ಪ ಜಾಸ್ತಿ."

ಮನೆಗೆ ಬರುವಾಗ, ಗಾಯವಾಗಿದೆ ಅಂತ ಒಂದು ಮಾತು ಹೇಳಬಹುದಿತ್ತಲ್ಲ ಎಂದು ನಾನು ಅಂದೆ. "ಗಾಯ ತೋರಿಸಿದ್ರೆ ಮತ್ತೆ ಕೈ ಮುಗೀತಾರೆ," ಎಂದರು.

ಗಾಯ ಮಾಯಲು ಮಳೆಗಾಲದವರೆಗೂ ಹಿಡಿಯಿತು. ಬೆರಳು ಉಳಿಯಿತು, ಪಾದ ಉಳಿಯಿತು. ಆಮೇಲಿನ ವರ್ಷಗಳೆಲ್ಲ ತಮ್ಮ ಕಾಲ ಮೇಲೇ ಗುಡಿಗೆ ಬಂದರು, ಚಪ್ಪಲಿಯಲ್ಲಿ. ಯಾರಿಗೂ ಭಾರವಾಗದೆ ನಿದ್ದೆಯಲ್ಲೇ ಹೋದರು. ದೇವರು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ನಾನು ಲೆಕ್ಕ ಇಟ್ಟುಕೊಳ್ಳುವವಳು. ಇವನ್ನೂ ಅದಕ್ಕೆ ಸೇರಿಸಿಕೊಂಡೆ.

ಉಳಿದ ಹಿಟ್ಟನ್ನು ಹೇಗೋ ಇಟ್ಟು ಮುಗಿಸಿ ಕೆಳಗಿಳಿದೆ. ಕೆಲಸಕ್ಕೆ ಹೊರಡಲು ಸಿದ್ಧಳಾಗಿದ್ದ ಮಗಳು ಸುದ್ದಿ ಕೇಳಿ ಬ್ಯಾಗು ಕೆಳಗಿಟ್ಟು, ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಬಂದು, "ನಾನಿವತ್ತು ರಜಾ ಹಾಕ್ತೀನಿ. ಅಡುಗೆ ನಾನೇ ಮಾಡ್ತೀನಿ, ನೀನು ಸ್ವಲ್ಪ ಕೂತ್ಕೋ ಅಮ್ಮ," ಎಂದಳು.

ಈ ತಪಸ್ಸುಕಾಲಕ್ಕೂ ನಾನು ಎಂದಿನಂತೆ ಕಾಫಿ ಬಿಟ್ಟಿದ್ದೆ. ವರ್ಷ ವರ್ಷವೂ ಅದೇ. ಈಗೀಗ ಬಿಟ್ಟಿದ್ದೇನೆಂಬುದೂ ನೆನಪಿರುವುದಿಲ್ಲ. ಆದರೆ ನನ್ನ ಒಲೆಯ ಮುಂದೆ ಇನ್ನೊಬ್ಬರು ನಿಂತರೆ ನನಗೆ ತಡೆಯುವುದಿಲ್ಲ, ಅದು ಮಗಳಾದರೂ ಸರಿ. ಬೇಡ ಎನ್ನಲು ಬಾಯಿ ತೆರೆದವಳು ಟೀಚರಮ್ಮ ಮಂಚದ ಕೆಳಗಿನ ಚಪ್ಪಲಿ ಈಚೆಗೆ ಎಳೆದುಕೊಂಡಿದ್ದನ್ನು ನೆನೆದು, ಸರಿ ಮಾಡು ಎಂದೆ.

ಅವಳು ಬೇಳೆಗೆ ನೀರು ಜಾಸ್ತಿ ಇಟ್ಟಳು. ನೋಡಿದೆ, ಪಾತ್ರೆಯ ಕಡೆ ಹೋದ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗಿ ಡ್ರಮ್ಮಿಗೆ ಪೈಪು ಬಿಟ್ಟೆ.