ಬಸುರಿಯಲ್ಲದವಳ ಸೀಮಂತ

ಮೊನ್ನೆ ನಮ್ಮ ಬಸ್ಸಿನಲ್ಲಿ ಒಂದು ಸೀಮಂತ ನಡೆಯಿತು. ಹೌದು, ಬಸ್ಸಿನಲ್ಲೇ. ಕೆ.ಆರ್. ಪುರದ ರೈಲ್ವೆ ಗೇಟು ಹಾಕಿತ್ತು. ಡ್ರೈವರ್ ಎಂಜಿನ್ ಆಫ್ ಮಾಡಿ ಬೀಡಿ ಹಚ್ಚಲು ಕೆಳಗಿಳಿದಿದ್ದ. ಅರಿಶಿನ ಕುಂಕುಮ, ಹಸಿರು ಬಳೆ, ಮಲ್ಲಿಗೆ ಹೂವು, ದೊಡ್ಡ ಡಬ್ಬಿಯ ತುಂಬ ಚಿತ್ರಾನ್ನ, ಎಲ್ಲವೂ ಇದ್ದವು. ಕೊರತೆ ಒಂದೇ. ಸೀಮಂತ ಮಾಡಿಸಿಕೊಳ್ಳಬೇಕಾದಾಕೆ ಬಸುರಿಯಾಗಿರಲಿಲ್ಲ.

ನಗಬೇಡಿ. ನಗುವ ಕಥೆ ಅಲ್ಲ ಇದು. (ಮೊದಲರ್ಧಕ್ಕೆ ಬೇಕಿದ್ದರೆ ನಕ್ಕುಬಿಡಿ.)

ಬೆಳಿಗ್ಗೆ ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಹೊರಡುವ ನಮ್ಮ ಬಸ್ಸು ನಿಮಗೆ ಹೊಸದಲ್ಲ. ಈ ಅಂಕಣದಲ್ಲಿ ಅದು ನಾಲ್ಕಾರು ಸಲ ಕೆಟ್ಟು ನಿಂತಿದೆ. ಒಂದೇ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡುವ ಹೆಂಗಸರು ನಿಧಾನವಾಗಿ ನೆಂಟರಾಗಿಬಿಡುತ್ತಾರೆ. ಆಯುಧಪೂಜೆಗೆ ಬಸ್ಸಿಗೆ ಬಾಳೆಕಂದು ಕಟ್ಟುವುದು ನಾವೇ. ರಂಜಾನ್ ಮರುದಿನ ಖುರ್ಷಿದಮ್ಮನ ಶಾವಿಗೆಯ ಶೀರ್ ಖುರ್ಮಾ ಮುಂದಿನ ಸೀಟಿನಿಂದ ಹಿಂದಿನವರೆಗೆ ಬರುತ್ತದೆ. ನಮ್ಮಲ್ಲಿ ಯಾರಾದರೂ ಬಸುರಿಯಾದರೆ ಏಳನೇ ತಿಂಗಳಲ್ಲಿ, ಗೇಟು ಹಾಕಿರುವ ಹೊತ್ತು ನೋಡಿಕೊಂಡು, ಬಳೆ ತೊಡಿಸುತ್ತೇವೆ. ಆ ಗೇಟು ಬಿದ್ದರೆ ಸೀಮಂತವೇನು, ಮದುವೆಯನ್ನೇ ಮುಗಿಸಬಹುದು. ಎರಡು ಗೂಡ್ಸ್ ಗಾಡಿ ಹೋಗಿ, ಒಂದು ಎಕ್ಸ್‌ಪ್ರೆಸ್ಸೂ ಹೋಗಿ, ಆಮೇಲೆ ಏಳುತ್ತದೆ ಗೇಟು.

ಈ ಪದ್ಧತಿ ಶುರು ಮಾಡಿದ್ದು ಲಲಿತಾ ಮೇಡಂ. ಹಲಸೂರಿನ ಸ್ಕೂಲೊಂದರಲ್ಲಿ ಟೀಚರು. ಬಸ್ಸೂ ಒಂದು ಕ್ಲಾಸ್‌ರೂಮು ಎಂದೇ ಅವರ ನಂಬಿಕೆ. ಬಳೆ ತರುವ ಜವಾಬ್ದಾರಿ ಖುರ್ಷಿದಮ್ಮನದು. ಶಿವಾಜಿನಗರದಲ್ಲಿ ಬಟ್ಟೆಯ ಲೇಸು, ಗುಂಡಿ ಮಾರುವ ಮಗನ ಅಂಗಡಿಯಲ್ಲಿ ದಿನಾ ಗಲ್ಲಾದ ಮೇಲೆ ಕೂರುವ ಹಿರಿಯಾಕೆ. ನಮಗೆಲ್ಲ ಅಮ್ಮ.

ಇನ್ನು ಗಿರಿಜಾ. ನನ್ನ ಜೊತೆ ಕಂಟೋನ್ಮೆಂಟಿನ ವಿಮಾ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ದೊಮ್ಮಲೂರಿನ ಬಾಡಿಗೆ ಮನೆ ಬಿಟ್ಟು, ಕೆ.ಆರ್. ಪುರದಲ್ಲಿ ಪುಟ್ಟದೊಂದು ಸ್ವಂತ ಮನೆಗೆ ಈ ವರ್ಷ ಬಂದಳು. ಹಾಗಾಗಿ ಈ ಬಸ್ಸಿಗೆ ಹೊಸಬಳು. ಗಿರಿಜಾ ದಪ್ಪ. 'ಮೈಕೈ ತುಂಬಿಕೊಂಡಿದ್ದಾಳೆ' ಎಂದೆಲ್ಲ ನಾಜೂಕಾಗಿ ಹೇಳಿದರೆ ಅವಳಿಗೇ ಸಿಟ್ಟು ಬರುತ್ತದೆ. ಮಗಳು ಹುಟ್ಟಿದ ಮೇಲೆ ಥೈರಾಯ್ಡ್ ಕೈಕೊಟ್ಟಿತು, ಏರಿದ ತೂಕ ಇಳಿಯಲೇ ಇಲ್ಲ. ಮಗಳೀಗ ನಾಲ್ಕನೇ ಕ್ಲಾಸು. ಇಷ್ಟು ವರ್ಷದಲ್ಲಿ ಮಂಡಿ ಎರಡೂ ಸವೆದಿವೆ. ಬಹಳ ಹೊತ್ತು ನಿಲ್ಲಲೇಬಾರದು ಎಂದಿದ್ದಾರೆ ಮೂಳೆ ಡಾಕ್ಟರು.

ನಿಲ್ಲದೆ ಏನು ಮಾಡುವುದು? ನಾವು ಹತ್ತುವುದು ಎರಡನೇ ಸ್ಟಾಪಿನಲ್ಲಿ. ಅಷ್ಟರಲ್ಲಿ ಸೀಟೆಲ್ಲ ಭರ್ತಿ. ನಾನೂ ದಿನಾ ಕಂಬ ಹಿಡಿದು ನಿಲ್ಲುವವಳೇ. ಶಿವಾಜಿನಗರದವರೆಗೆ ನಿಂತು ಬಂದ ದಿನ ಗಿರಿಜಾ ಆಫೀಸಿನಲ್ಲಿ ಊಟದ ಹೊತ್ತಿನವರೆಗೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. 'ಬಿಟ್ಬಿಡು ಆ ಕೆಲ್ಸಾನ' ಎಂದು ಗಂಡ ಶುರು ಮಾಡಿದ್ದ. ಅವಳಿಗೋ ಆ ಕೆಲಸವೆಂದರೆ ಪ್ರಾಣ. ಗಂಡ ಸತ್ತು ಕ್ಲೇಮಿಗೆ ಬರುವ ಹೆಂಗಸರು ನಮ್ಮನ್ನೆಲ್ಲ ದಾಟಿ ಅವಳ ಟೇಬಲ್ಲಿಗೇ ಹೋಗಿ ಕೂರುತ್ತಾರೆ. ಅವಳು ಮೊದಲು ಕಾಫಿ ಕುಡಿಸುತ್ತಾಳೆ, ಆಮೇಲೆ ಸಹಿ ಹಾಕಿಸುತ್ತಾಳೆ. ಈ ಕೆಲಸ ಉಳಿಯಬೇಕಾದರೆ ಅವಳಿಗೆ ಬಸ್ಸಿನಲ್ಲಿ ಒಂದು ಸೀಟು ಸಿಗಬೇಕಿತ್ತು.

ಕೇಳಿದರೆ ಕೊಡುವುದಿಲ್ಲವೇ? ಕೇಳಿದಳು, ಮೊದಲ ವಾರವೇ. "ಸ್ವಲ್ಪ ಕೂತ್ಕೊಳ್ಳಾ ಮೇಡಂ? ಮಂಡಿ ತುಂಬಾ ನೋಯ್ತಿದೆ" ಎಂದು ಲಲಿತಾ ಮೇಡಂ ಹತ್ತಿರವೇ ಕೇಳಿದಳು.

"ನಿಂತ್ಕೊಂಡ್ರೆ ಒಳ್ಳೇದೇ ಕಣ್ರೀ. ಒಂಚೂರು ಕರಗುತ್ತೆ" ಎಂದರು ಮೇಡಂ. ಕೆಟ್ಟ ಮನಸ್ಸಿನಿಂದಲ್ಲ. ಅವರ ಪ್ರಕಾರ ಅದು ಆರೋಗ್ಯ ಸಲಹೆ. ಮುಂದಿನ ನಾಲ್ಕು ಸೀಟು ಪೂರ್ತಿ ನಕ್ಕಿತು. ಗಿರಿಜಾ ಕೂಡ ನಕ್ಕಳು. ದಪ್ಪಗಿರುವವರು ತಮ್ಮ ಮೇಲಿನ ಜೋಕಿಗೆ ಎಲ್ಲರಿಗಿಂತ ಮೊದಲು ನಗುವುದನ್ನು ನೀವೂ ಗಮನಿಸಿರಬೇಕು. ಪಾಪ, ಅಭ್ಯಾಸವಾಗಿರುತ್ತದೆ.

ಅದಾದ ಮೇಲೆ ಒಂದು ಬೆಳಿಗ್ಗೆ ಡ್ರೈವರ್ ಸಡನ್ ಬ್ರೇಕ್ ಹಾಕಿದ. ಗಿರಿಜಾ ತೂರಾಡಿ ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಹೊಟ್ಟೆ ಹಿಡಿದುಕೊಂಡಳು. ಅಂದು ದೊಗಳೆ ಚೂಡಿದಾರ್ ಬೇರೆ. ಖುರ್ಷಿದಮ್ಮ ದಿಗ್ಗನೆ ಎದ್ದರು.

"ಅರೆ, ಬೈಠೋ ಬೇಟಿ, ಕೂತ್ಕೋ! ಹೊಟ್ಟೇಲಿ ಮಗು ಇಟ್ಕೊಂಡು ಹಿಂಗೆ ನಿಂತ್ಕೋತಾರೇನಮ್ಮ? ಎಷ್ಟು ತಿಂಗ್ಳು?"

ಗಿರಿಜಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವಳ ಮಂಡಿ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವಳು ಸುಮ್ಮನೆ ಕೂತಳು. ಮೌನಂ ಸಮ್ಮತಿ ಲಕ್ಷಣಂ! "ನಾಲ್ಕು ಇರ್ಬೇಕು" ಎಂದು ಖುರ್ಷಿದಮ್ಮ ತಾವೇ ಲೆಕ್ಕ ಹಾಕಿ ಬಸ್ಸಿಗೆಲ್ಲ ಸಾರಿದರು.

ನೋಡಿ ಆಮೇಲಿನ ವೈಭವ! ಮರುದಿನದಿಂದ ಗಿರಿಜಾ ಮೆಟ್ಟಿಲು ಹತ್ತುತ್ತಿದ್ದಂತೆ ಮೂವರು ಏಳುತ್ತಿದ್ದರು. ಕಂಡಕ್ಟರ್ ಮುನಿರಾಜು ಹಂಪು ಬಂದಾಗಲೆಲ್ಲ "ನಿಧಾನ ಗುರೂ, ನಿಧಾನ, ಅಕ್ಕ ಇದಾರೆ" ಎಂದು ಡ್ರೈವರಿಗೆ ಕೂಗುತ್ತಿದ್ದ. ಯಾರೋ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಂದರು. ನಿಂತರೆ ಕರಗುತ್ತದೆ ಎಂದಿದ್ದ ಲಲಿತಾ ಮೇಡಂ ಈಗ "ಚೆನ್ನಾಗಿ ತಿನ್ಬೇಕು ರೀ, ಇಬ್ಬರಿಗಾಗುವಷ್ಟು ತಿನ್ಬೇಕು" ಎಂದು ದಿನಕ್ಕೊಂದು ಲಾಡು ಕೊಡತೊಡಗಿದರು!

ಅದೇ ಹೆಂಗಸು. ಅದೇ ಹೊಟ್ಟೆ. ತೂಕ ಒಂದು ಗ್ರಾಂ ಕೂಡ ಬದಲಾಗಿರಲಿಲ್ಲ. ನಮ್ಮ ಕಣ್ಣು ಬದಲಾಗಿತ್ತು, ಅಷ್ಟೇ.

"ಹೇಳ್ಬಿಡೇ ನಿಜಾನ" ಎಂದೆ ಒಂದು ಸಂಜೆ.

"ಹೇಳ್ತೀನಿ ಕಣೆ, ಹೇಳ್ತೀನಿ. ಈ ವಾರ ಒಂದ್ ಕಳೀಲಿ. ಎಷ್ಟ್ ದಿನ ಆಯ್ತು ಗೊತ್ತಾ ನಾನು ಆಫೀಸಲ್ಲಿ ಕುಂಟದೆ ನಡೆದು?" ಎಂದಳು. ಆಮೇಲೆ ದನಿ ತಗ್ಗಿಸಿ, "ಸೀಟ್ ಒಂದೇ ಅಲ್ಲ ಕಣೆ. ಯಾರೂ ನನ್ ಮೈಯನ್ನ ಗುರಾಯಿಸ್ತಿಲ್ಲ. ಎಷ್ಟು ಹಾಯಾಗಿದೆ ಗೊತ್ತಾ?" ಎಂದಳು.

ಆ ಗುರಾಯಿಸುವಿಕೆಯನ್ನು ನಾನು ದಿನಾ ನೋಡುತ್ತೇನೆ. ಕ್ಯಾಂಟೀನಿನಲ್ಲಿ ಅವಳ ಡಬ್ಬಿಯೊಳಗೆ ಎಲ್ಲರೂ ಒಮ್ಮೆ ಇಣುಕಿ ಹೋಗುತ್ತಾರೆ. ಇರುವುದು ಎರಡು ಚಪಾತಿ, ಸೌತೆಕಾಯಿ. ಪಕ್ಕದಲ್ಲಿ ಕಡ್ಡಿಯಂತಿರುವ ನಾನು ಇಡ್ಲಿ, ವಡೆ ಮುಗಿಸಿ ಕೇಸರಿಬಾತಿಗೆ ಕೈ ಹಾಕಿರುತ್ತೇನೆ. ನನ್ನನ್ನು ಯಾರಾದರೂ ಕೇಳಿದ್ದಾರೆಯೇ? ಇಂದಿರಾನಗರದಲ್ಲಿ ಒಬ್ಬ ಆಟೋದವನು 'ಸ್ಪ್ರಿಂಗ್ ಹೋಗುತ್ತೆ, ಬೇರೆ ಗಾಡಿ ನೋಡ್ಕೊಳ್ಳಿ ಮೇಡಂ' ಎಂದು ಅವಳೆದುರೇ ನನಗೆ ಹೇಳಿದ. ಅವಳಿಗೆ ಹೇಳಲಿಲ್ಲ, ನನಗೆ! ದಪ್ಪಗಿದ್ದರೆ ಕಿವಿಯೂ ಕೇಳಿಸುವುದಿಲ್ಲ ಎಂದು ತಿಳಿದಿದ್ದನೋ ಏನೋ.

ವಾರಗಳು ಉರುಳಿದವು. ಅವಳ ನಾಲಿಗೆಗೆ ನಿಜ ಬರಲಿಲ್ಲ. ಬಸ್ಸಿನ ಹೆಂಗಸರ ಲೆಕ್ಕದಲ್ಲಿ ಏಳನೇ ತಿಂಗಳು ಬಂತು.

ನಾನು ಬಾಯಿ ಬಿಡುತ್ತೇನೆಂದು ನನಗೂ ತಿಳಿಸದೆ ಎಲ್ಲ ಸಿದ್ಧವಾಗಿತ್ತು. ಮೊನ್ನೆ ಗೇಟು ಬಿದ್ದದ್ದೇ ತಡ, ಡಬ್ಬಿಗಳು ಬಿಚ್ಚಿಕೊಂಡವು. ಲಲಿತಾ ಮೇಡಂ ಕುಂಕುಮವಿಟ್ಟು ಹೂ ಮುಡಿಸಿದರು. ಖುರ್ಷಿದಮ್ಮ ಕಾಗದ ಬಿಡಿಸಿ ಹಸಿರು ಬಳೆ ತೆಗೆದರು.

"ನಿನ್ ಸೈಜ್ ಸಿಗ್ಲೇ ಇಲ್ಲ ಬೇಟಿ. ಶಿವಾಜಿನಗರ್ ಪೂರಾ ಸುತ್ತಿದ್ದು ನಾನು" ಎನ್ನುತ್ತಾ ಅವಳ ಕೈ ಹಿಡಿದು ಮೆಲ್ಲಗೆ ಬಳೆ ಏರಿಸತೊಡಗಿದರು. "ದಿನಾ ದುವಾ ಮಾಡ್ತಾ ಇದೀನಿ ನಿನಗೆ. ತಾಯಿ ಮಗು ಇಬ್ರೂ ಚೆನ್ನಾಗಿರ್ಬೇಕು."

ಗಿರಿಜಾ ಕೈ ಹಿಂದಕ್ಕೆಳೆದುಕೊಂಡಳು. ಒಂದು ಬಳೆ ಬಿದ್ದು ಒಡೆಯಿತು. ಬಳೆ ಒಡೆದದ್ದಕ್ಕೆ ನಾಲ್ಕಾರು ಜನ "ಅಯ್ಯಯ್ಯೋ" ಎಂದರು.

"ಬೇಡಮ್ಮಾ, ದುವಾ ಬೇಡ" ಎಂದಳು ಗಿರಿಜಾ. ಅಳು ಬಂದುಬಿಟ್ಟಿತ್ತು. "ನಾನು ಬಸುರಿ ಅಲ್ಲ. ನಾನು ದಪ್ಪ, ಅಷ್ಟೇ."

ಹೊರಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಅದು ದಾಟಿ ಹೋಯಿತು. ಆಮೇಲೆ ಎಲ್ಲರೂ ಒಟ್ಟಿಗೇ ಶುರುವಾದರು. 'ಎಂಥಾ ಮೋಸ ರೀ!' 'ನಾನು ನರ ಊದಿದ ವೆರಿಕೋಸ್ ಕಾಲಲ್ಲಿ ನಿಂತ್ಕೊಂಡಿದೀನಿ ಇವರಿಗೋಸ್ಕರ!' 'ಬಸುರಿ ಅಂತ ಸುಳ್ಳು ಹೇಳ್ಬಾರದಪ್ಪಾ, ಒಳ್ಳೇದಲ್ಲ.' ಅವರ ಸಿಟ್ಟಿನಲ್ಲೂ ನ್ಯಾಯವಿತ್ತು ಎನ್ನಿ. ಹಣ್ಣು, ಲಾಡು ಹೋದರೆ ಹೋಗಲಿ. ಪ್ರೀತಿ ಸುರಿದಿದ್ದರು ಆ ಹೆಂಗಸರು.

ಖುರ್ಷಿದಮ್ಮ ಮಾತ್ರ ಕೂಗಾಡಲಿಲ್ಲ. ಮುಖ ಚಿಕ್ಕದಾಗಿತ್ತು. "ಕಾಲು ನೋವು ಅಂತ ಹೇಳ್ಬೇಕಾಗಿತ್ತಲ್ಲಮ್ಮಾ, ನಾವೇನು ಮನುಷ್ಯರಲ್ವಾ?" ಎಂದರು.

"ಹೇಳಿದ್ದೆ ಅಮ್ಮ. ಬಂದ ಮೊದಲ್ನೇ ವಾರಾನೇ ಹೇಳಿದ್ದೆ" ಎಂದಳು ಗಿರಿಜಾ. "ಎಲ್ಲರೂ ನಕ್ಕಿದ್ರಿ."

ಲಲಿತಾ ಮೇಡಂ ಕೆಂಪಗಾದರು. ಟೀಚರಲ್ಲವೇ, ಸುಮ್ಮನಿರಲು ಬರುವುದಿಲ್ಲ. "ಹಂಗಾದ್ರೆ ದಪ್ಪಗಿರೋರೆಲ್ಲ ಅಂಗವಿಕಲರು ಅಂತೀರಾ? ಆ ಸೀಟಿಗೆ ಹೋಗಿ ಕೂತ್ಕೊಳ್ಳಿ ಹಾಗಾದ್ರೆ!" ಎಂದು 'ಅಂಗವಿಕಲರಿಗೆ' ಎಂದು ಬರೆದ ಸೀಟು ತೋರಿಸಿದರು. (ಅಲ್ಲಿ ಆಗ ಗಟ್ಟಿಮುಟ್ಟಾದ ಗಂಡಸೊಬ್ಬ ಕೂತು ನಿದ್ದೆ ಹೊಡೆಯುತ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.) ಮುನಿರಾಜು ತಲೆ ಕೆರೆದುಕೊಂಡು, "ಸರ್ಟಿಫಿಕೇಟ್ ಇದ್ರೆ ಕೂರಿಸ್ತೀನಿ ಅಕ್ಕಾ, ನಂದೇನಿಲ್ಲ" ಎಂದ.

"ನಂಗೆ ಆ ಸೀಟು ಬೇಡ ರೀ" ಎಂದಳು ಗಿರಿಜಾ. ಗೇಟು ಎದ್ದಿತು, ಬಸ್ಸು ಹೊರಟಿತು, ಅವಳು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದುಬಿಟ್ಟಳು. ಚಿತ್ರಾನ್ನವನ್ನು ಯಾರೂ ಮುಟ್ಟಲಿಲ್ಲ.

ಲಲಿತಾ ಮೇಡಂ ಸಿಟ್ಟಿನಲ್ಲಿ ಕೇಳಿದ್ದೇ ಆದರೂ ಪ್ರಶ್ನೆ ಸರಿಯಾದದ್ದೇ. ಅಂದಿನಿಂದ ನನ್ನ ತಲೆ ತಿನ್ನುತ್ತಿದೆ. ಬೊಜ್ಜು ಅಂಗವೈಕಲ್ಯವೇ? ನನ್ನ ಭಾವನೊಬ್ಬ ಇದ್ದಾನೆ, ತೂಕದಲ್ಲಿ ಗಿರಿಜಾಗೆ ಅಣ್ಣ. ದಿನಾ ಬೆಳಿಗ್ಗೆ ಶಟಲ್ ಆಡಿ ಹುಡುಗರನ್ನು ಸೋಲಿಸುತ್ತಾನೆ. ಅವನನ್ನು ಅಂಗವಿಕಲ ಎಂದರೆ ರಾಕೆಟ್ ಹಿಡಿದೇ ಅಟ್ಟಿಸಿಕೊಂಡು ಬಂದಾನು. ಹಾಗಾಗಿ ದಪ್ಪಗಿರುವವರೆಲ್ಲರಿಗೂ ಒಂದೇ ಹಣೆಪಟ್ಟಿ ಹಚ್ಚಲು ನಾನು ತಯಾರಿಲ್ಲ. ಆದರೆ ಬಸ್ಸಿನ ಮೆಟ್ಟಿಲು ಏರಲಾಗದ, ನಿಲ್ಲಲಾಗದ, ಕೆಲಸವನ್ನೇ ಬಿಡಬೇಕಾಗಿ ಬಂದಿರುವ ಹೆಂಗಸಿಗೆ ಇರುವುದು ತೊಂದರೆಯಲ್ಲದೆ ಇನ್ನೇನು? ಪೋಲಿಯೋ ಆದ ಕಾಲು ಕಂಡರೆ 'ಅಯ್ಯೋ' ಎನ್ನುತ್ತೇವೆ. ದಪ್ಪ ಕಾಲು ಕಂಡರೆ 'ಏನು ತಿಂತಾರೋ' ಎನ್ನುತ್ತೇವೆ. ನೋವಿಗೂ ನಮ್ಮ ಹತ್ತಿರ ಕ್ಯಾರೆಕ್ಟರ್ ಸರ್ಟಿಫಿಕೇಟ್ ಬೇಕು!

ಡಾಕ್ಟರರೂ ಅಷ್ಟೇ. 'ಮೊದಲು ತೂಕ ಇಳಿಸಿ, ಆಮೇಲೆ ಮಂಡಿ ನೋಡೋಣ' ಎನ್ನುತ್ತಾರಂತೆ. ತೂಕ ಇಳಿಸಲು ನಡೆಯಬೇಕು. ನಡೆಯಲು ಮಂಡಿ ಬೇಕು. ಇದಕ್ಕೆ ಯಾವ ಔಷಧಿ?

"ಆ ಸರ್ಟಿಫಿಕೇಟ್ ಮಾಡಿಸ್ಕೋಬಾರ್ದಾ?" ಎಂದು ಅವಳ ಮನೆಗೇ ಹೋಗಿ ಕೇಳಿದೆ. ರಜಾ ಹಾಕಿ ಕೂತಿದ್ದಳು. ರಾಜೀನಾಮೆಯ ಮಾತೂ ಆಡಿದಳು.

"ದಪ್ಪ ಅಂದ್ರೂ ತಡ್ಕೋತೀನಿ, ಅಂಗವಿಕಲೆ ಅಂದ್ರೂ ತಡ್ಕೋತೀನಿ. ಹೆಸರು ಏನಾದ್ರೂ ಇಟ್ಕೊಳ್ಳಲಿ ಕಣೆ" ಎಂದಳು. "ಆದ್ರೆ ನೋಯ್ತಿದೆ ಅಂತ ನಾನು ಹೇಳಿದ್ರೆ ಸಾಲಲ್ವಾ? ಅದಕ್ಕೂ ಸರ್ಕಾರ ಸೀಲ್ ಹಾಕ್ಬೇಕಾ?"

ಬಲವಂತ ಮಾಡಿ, ಗದರಿ, ನಿನ್ನೆ ಬಸ್ಸಿಗೆ ಕರೆದುಕೊಂಡು ಬಂದೆ. ಇವತ್ತು ಆಗದಿದ್ದರೆ ಕೆಲಸ ಬಿಟ್ಟಂತೆಯೇ ಎಂದು ಅವಳೂ ತೀರ್ಮಾನಿಸಿದ್ದಳು.

ಅವಳು ಹತ್ತಿದಳು. ಬಸ್ಸೆಲ್ಲ ಕಿಟಕಿಯ ಹೊರಗೆ ನೋಡತೊಡಗಿತು. ಅದೇನು ನೋಡುವಂಥದ್ದಿತ್ತೋ ಆ ಚರಂಡಿಯಲ್ಲಿ! ಲಲಿತಾ ಮೇಡಂ ಪುಸ್ತಕ ತೆಗೆದರು. ಮುನಿರಾಜು ಚಿಲ್ಲರೆ ಎಣಿಸತೊಡಗಿದ. ಒಬ್ಬರೂ ಏಳಲಿಲ್ಲ. ಗಿರಿಜಾ ಕಂಬ ಹಿಡಿದು ನಿಂತಳು. ಬಸ್ಸು ಹೊರಟಿತು, ಹಂಪು ಬಂತು, ಈ ಸಲ 'ನಿಧಾನ' ಎನ್ನುವವರಿರಲಿಲ್ಲ. ಅವಳು ಹಲ್ಲು ಕಚ್ಚಿದ್ದು ಕಂಡಿತು.

ಗೇಟಿನ ಹತ್ತಿರ ಬಂದಾಗ ಖುರ್ಷಿದಮ್ಮ ಮಡಿಲಲ್ಲಿದ್ದ ಚೀಲ ಕೆಳಗಿಟ್ಟು ಎದ್ದು ನಿಂತರು. ಅವಳ ಮುಖ ನೋಡಲೂ ಇಲ್ಲ.

"ಕೂತ್ಕೋ. ನನಗೆ ನಿನ್ ಮೇಲೆ ಗುಸ್ಸಾ ಇದೆ. ಮಾತಾಡ್ಸಬೇಡ. ಕೂತ್ಕೋ."

"ಬೇಡಮ್ಮಾ, ನಿಮಗೂ ವಯಸ್ಸಾಗಿದೆ..."

"ಮಾತಾಡ್ಸಬೇಡ ಅಂದೆ ನಾನು!"

ಗಿರಿಜಾ ಕೂತಳು. ಎರಡು ನಿಮಿಷ ತಡೆದು ಲಲಿತಾ ಮೇಡಂ ಪುಸ್ತಕ ಮುಚ್ಚಿ, ತಾವು ಎದ್ದು ಖುರ್ಷಿದಮ್ಮನನ್ನು ಕೂರಿಸಿದರು. ಶಿವಾಜಿನಗರದವರೆಗೂ ಇಡೀ ಬಸ್ಸು ಮುನಿಸಿಕೊಂಡೇ ಇತ್ತು. ಆದರೆ ಗಿರಿಜಾ ಆಫೀಸಿಗೆ ಕುಂಟದೆ ನಡೆದು ಬಂದಳು.

ಕಾನೂನು ಅವಳಿಗೆ ಯಾವ ಹೆಸರಿಡುತ್ತದೋ ನನಗೆ ತಿಳಿಯದು. ನನಗೆ ತಿಳಿಯಬೇಕಾದದ್ದು ಇಷ್ಟೇ: ಬಸುರಿಯ ಮಂಡಿ ಮಾತ್ರ ನೋಯುತ್ತದೆ ಎಂದು ನಮಗೆ ಹೇಳಿಕೊಟ್ಟವರು ಯಾರು?